ಪ್ರತಿಕ್ರಿಯೆ: ಚರ್ಚಿನ ನಾಮಕರಣಕ್ಕೆ ಹೋಗುವಾಗ

ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಸಹೋದ್ಯೋಗಿಯ ಮಗುವಿನ ನಾಮಕರಣ, ನಾವು ಹಿಂದೂಗಳು, ಸಾಲಲ್ಲಿ ನಿಂತು ಪ್ರಸಾದ ತಗೋಬಹುದಾ ಅಂತ ಕೇಳಿದ್ದೀರಿ. ಬೇಡ ಸರ್. ಎಡವಟ್ಟಾಗೋದು ಅಲ್ಲೇ.

ಸಾಲಲ್ಲಿ ಫಾದರ್ ಕೊಡುವ, ಹುಳಿ ಬರಿಸದ ಗೋಧಿಹಿಟ್ಟಿನ ಆ ತೆಳು ಬಿಲ್ಲೆಯನ್ನು ಕೆಥೊಲಿಕರು ಸಾಕ್ಷಾತ್ ಕ್ರಿಸ್ತನ ದೇಹ ಎಂದೇ ನಂಬುತ್ತಾರೆ. ಫಾದರ್ "ಕ್ರಿಸ್ತರ ದೇಹ" ಅಂದಾಗ "ಆಮೆನ್" ಅನ್ನೋದು ಆ ನಂಬಿಕೆಗೆ ಒಪ್ಪಿಗೆ. ಅದನ್ನು ಸ್ವೀಕರಿಸುವ ಕೆಥೊಲಿಕರೂ ಒಂದು ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಏನೂ ಸೇವಿಸಿರುವುದಿಲ್ಲ. ನಮ್ಮವರು ದೇವಸ್ಥಾನದ ಪ್ರಸಾದದ ಹಾಗೆ ತಗೊಂಡು, ಮನೆಗೆಂದು ಕರ್ಚೀಫಿನಲ್ಲಿ ಕಟ್ಟಿಕೊಂಡರೆ ಅವರಿಗೆ ನಿಜಕ್ಕೂ ನೋವಾಗುತ್ತೆ. ಬೆಂಚಿನಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯಲ್ಲ.

ಇನ್ನು, ನಾಮಕರಣ ಅಂದಿರಲ್ಲ, ಅದು ದೀಕ್ಷಾಸ್ನಾನ, ಅಂದ್ರೆ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ. ಹೆಸರಿಡುವುದು ಅದರ ಒಂದು ಭಾಗ ಅಷ್ಟೇ. ಮಗುವಿನ ತಲೆಯ ಮೇಲೆ ಮೂರು ಸಲ ನೀರು ಸುರಿದು, ನೆತ್ತಿಗೆ ಪವಿತ್ರ ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸುತ್ತಾರೆ. ಆಮೇಲೆ ಈಸ್ಟರಿನ ದೊಡ್ಡ ಮೇಣದಬತ್ತಿಯಿಂದ ಚಿಕ್ಕದೊಂದನ್ನು ಹಚ್ಚಿ ಕೊಡುತ್ತಾರೆ. ಫೋಟೋ ತೆಗೆಯಲು ಪೀಠದ ಹತ್ತಿರ ನುಗ್ಗಬೇಡಿ.

ನಿಮ್ಮನ್ನೇ ಗಾಡ್‌ಫಾದರ್ (ಮಗುವಿನ ಧರ್ಮಪಿತ) ಆಗಿ ಅಂತ ಅವರು ಪ್ರೀತಿಗೆ ಕರೆದಿರಬಹುದು, ಆದರೆ ನಿಯಮ ಬಿಡಲ್ಲ: ದೃಢೀಕರಣ (ದೀಕ್ಷಾಸ್ನಾನದ ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ) ಪಡೆದ, ಸಾಮಾನ್ಯವಾಗಿ 16 ತುಂಬಿದ ಕೆಥೊಲಿಕರೇ ಆಗಬೇಕು.

ಶುಭಸಂದೇಶ, ಅಂದ್ರೆ ಬೈಬಲಿನ ಯೇಸುವಿನ ಕಥೆಯ ಭಾಗ ಓದುವಾಗ ಎಲ್ಲರ ಜೊತೆ ಎದ್ದು ನಿಲ್ಲಿ. ಮೊಣಕಾಲೂರುವಾಗ ಸುಮ್ಮನೆ ಕೂತರೂ ಸಾಕು. ಚಪ್ಪಲಿ ಬಿಡಬೇಕೋ ಬೇಡವೋ ಅನ್ನೋದನ್ನು ಬಾಗಿಲಲ್ಲಿ ಬೇರೆಯವರು ಏನು ಮಾಡ್ತಾರೆ ನೋಡಿ ಮಾಡಿ.