ಪೊಲೀಸರ ಗುಂಡಿಗೆ ಜೀವ ಹೋದರೆ ತನಿಖೆ ಯಾರ ಕೈಗೆ?

ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಪೊಲೀಸರೇ ತನಿಖೆ ಮಾಡುತ್ತಾರಾ, ಬೇರೆ ದೇಶಗಳಲ್ಲಿ ಹೇಗೆ ಎಂದು ಕೇಳಿದ್ದೀರಿ. ಚರ್ಚೆಯೆಲ್ಲ ಸಾಮಾನ್ಯವಾಗಿ ಗುಂಡು ಹಾರಿಸುವ ಅಧಿಕಾರದ ಸುತ್ತಲೇ ನಡೆಯುತ್ತದೆ. ನಾನು ಮೊದಲು ನೋಡುವುದು ಬೇರೆ: ಘಟನೆಯ ನಂತರದ ಕೆಲವು ಗಂಟೆ ಆ ಜಾಗ, ಆ ಬಂದೂಕು, ಆ ಪೊಲೀಸರ ಹೇಳಿಕೆ ಯಾರ ಹಿಡಿತದಲ್ಲಿದ್ದವು?

ಕಾನೂನಿನಲ್ಲೂ ವ್ಯತ್ಯಾಸವಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ, ಸ್ಥಳದಲ್ಲಿದ್ದ ವಿವೇಕವಂತ ಅಧಿಕಾರಿಗೆ ಆ ಕ್ಷಣದಲ್ಲಿ ಅದು ಸರಿ ಅನ್ನಿಸಬಹುದಿತ್ತೇ ಎಂಬ ಅಳತೆಗೋಲು ಇಟ್ಟಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರಲ್ಲಿ ಇನ್ನೂ ಬಿಗಿಯಾಗಿ, ಗುಂಡು ಹಾರಿಸುವುದು ಅನಿವಾರ್ಯವೇ ಆಗಿತ್ತೇ, ಕಾರ್ಯಾಚರಣೆಯ ಯೋಜನೆಯೇ ತಪ್ಪಿತ್ತೇ ಎಂದೂ ನೋಡಿತು.

ಆದರೆ ಸಾಕ್ಷ್ಯವೇ ಕೈತಪ್ಪಿದರೆ ಯಾವ ಅಳತೆಗೋಲೂ ಉಪಯೋಗಕ್ಕೆ ಬರುವುದಿಲ್ಲ. 2014ರಲ್ಲಿ ಷಿಕಾಗೋದಲ್ಲಿ 17 ವರ್ಷದ ಹುಡುಗನೊಬ್ಬನ ಮೇಲೆ 16 ಗುಂಡು ಹಾರಿದವು. ಚಾಕು ಹಿಡಿದು ಮೈಮೇಲೆ ಬಂದ ಎಂದು ಪೊಲೀಸರ ವರದಿ ಹೇಳಿತು. ಪೊಲೀಸ್ ಕಾರಿನ ಕ್ಯಾಮೆರಾದ ವಿಡಿಯೊ ಹೊರಬಿದ್ದದ್ದು ಒಂದು ವರ್ಷ ದಾಟಿದ ಮೇಲೆ. ಅದರಲ್ಲಿ ಅವನು ದೂರ ಸರಿದು ನಡೆಯುತ್ತಿದ್ದ. 2018ರಲ್ಲಿ ಆ ಅಧಿಕಾರಿ ಕೊಲೆ ಅಪರಾಧಿ ಎಂದು ತೀರ್ಪಾಯಿತು. ವಿಡಿಯೊ ಇಲ್ಲದಿದ್ದರೆ ಉಳಿಯುತ್ತಿದ್ದದ್ದು ಪೊಲೀಸರ ವರದಿಯೇ.

ಕೆನಡಾದ ಒಂಟಾರಿಯೊದಲ್ಲಿ 1990ರಿಂದಲೇ ಇಂಥ ಪ್ರಕರಣಗಳಿಗೆಂದೇ ವಿಶೇಷ ತನಿಖಾ ಘಟಕವಿದೆ. ಪೊಲೀಸರು ಅದಕ್ಕೆ ತಕ್ಷಣ ಸುದ್ದಿ ಮುಟ್ಟಿಸಬೇಕು, ಸ್ಥಳದಲ್ಲಿದ್ದ ಅಧಿಕಾರಿಗಳನ್ನು ಸಾಧ್ಯವಾದಷ್ಟೂ ಬೇರೆ ಬೇರೆ ಇರಿಸಬೇಕು. ಕೂಡಿ ಮಾತಾಡಿದರೆ ಎಲ್ಲರ ಹೇಳಿಕೆಯೂ ಒಂದೇ ಆಗಿಬಿಡುತ್ತದೆ. ಸಾಕ್ಷಿಗಳಾದ ಅಧಿಕಾರಿಗಳು ಹೇಳಿಕೆ ಕೊಡಲೇಬೇಕು. ಆರೋಪಕ್ಕೆ ಗುರಿಯಾದವರನ್ನು ಬಲವಂತ ಮಾಡುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ಪೊಲೀಸ್ ಸಂಪರ್ಕದ ನಂತರದ ಸಾವುಗಳನ್ನು ಸ್ವತಂತ್ರ ಸಂಸ್ಥೆಗೆ ಒಪ್ಪಿಸುವುದು ಕಡ್ಡಾಯ.

ಭಾರತಕ್ಕೆ ಬಂದರೆ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿದೆ. ಎನ್‌ಕೌಂಟರಿನಲ್ಲಿ ಸಾವಾದರೆ ಎಫ್‌ಐಆರ್ ಆಗಬೇಕು. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದ್ದು, ಅದೂ ಹಿರಿಯ ಅಧಿಕಾರಿಯ ಉಸ್ತುವಾರಿಯಲ್ಲಿ. ಮರಣೋತ್ತರ ಪರೀಕ್ಷೆಯನ್ನು ಜಿಲ್ಲಾಸ್ಪತ್ರೆಯ ಇಬ್ಬರು ವೈದ್ಯರು ಮಾಡಬೇಕು, ವಿಡಿಯೊ ಆಗಬೇಕು. ಅಧಿಕಾರಿಗಳು ಆಯುಧಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಕಡ್ಡಾಯ. ಘಟನೆಯ ಬೆನ್ನಿಗೇ ಬಡ್ತಿಯನ್ನಾಗಲೀ ಶೌರ್ಯ ಪ್ರಶಸ್ತಿಯನ್ನಾಗಲೀ ಕೊಡುವಂತಿಲ್ಲ.

ಎಲ್ಲಿ ಹಳಿ ತಪ್ಪುತ್ತದೆ? ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಎಫ್‌ಐಆರ್ ದಾಖಲಾಗುತ್ತದೆ, ಆದರೆ ಸತ್ತವನ ಮೇಲೆ, ಪೊಲೀಸರ ಕೊಲೆಗೆ ಯತ್ನಿಸಿದ ಎಂದು. ಆಮೇಲೆ ಸಾವಿನ ಕಾರಣ ಹುಡುಕಬೇಕಾದ ತನಿಖೆ, ಸತ್ತವನ ತಪ್ಪನ್ನು ಸಾಬೀತು ಮಾಡುವ ಕೆಲಸವಾಗಿಬಿಡುತ್ತದೆ. 2019ರಲ್ಲಿ ಹೈದರಾಬಾದ್ ಬಳಿ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದದ್ದು ಆತ್ಮರಕ್ಷಣೆಗಲ್ಲ, ಉದ್ದೇಶಪೂರ್ವಕ ಎಂದು ಹೇಳಲು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್‌ಕರ್ ಆಯೋಗವೇ ಬೇಕಾಯಿತು. ಎಲ್ಲರ ಪಾಲಿಗೂ ಅಂಥ ಆಯೋಗ ಬರುವುದಿಲ್ಲ, ನನಗೆ ಕಳವಳ ಅದೇ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ದಾರಿಯೊಂದು ಆ 16 ಸೂಚನೆಗಳ ಕೊನೆಯಲ್ಲಿದೆ: ಕ್ರಮ ಪಾಲನೆಯಾಗಿಲ್ಲ ಅಥವಾ ತನಿಖೆ ನಿಷ್ಪಕ್ಷಪಾತವಾಗಿಲ್ಲ ಎಂದು ಕಂಡರೆ ಕುಟುಂಬದವರು ಆ ವ್ಯಾಪ್ತಿಯ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. ಯಾವ ಸೂಚನೆ ಎಲ್ಲಿ ತಪ್ಪಿದೆ ಎಂದು ಒಂದೊಂದಾಗಿ ಬರೆದು, ಎಫ್‌ಐಆರ್ ಮತ್ತು ಮರಣೋತ್ತರ ವರದಿಯ ಪ್ರತಿಗಳನ್ನು ಲಗತ್ತಿಸಿ ಕೊಡಿ.