ಅಮೆರಿಕದಲ್ಲಿ ಮಾನವ ಕಳ್ಳಸಾಗಣೆಗೆ ಕೇಂದ್ರ ಕಾನೂನು ಇದ್ದರೂ ರಾಜ್ಯಗಳ ಕಾನೂನು ಯಾಕೆ ಬೇಕು?

ಯಾಕೆಂದರೆ ಸಂತ್ರಸ್ತರಿಗೆ ಮೊದಲು ಎದುರಾಗುವವರು ಹೆಚ್ಚಾಗಿ ಸ್ಥಳೀಯ ಪೊಲೀಸರು. ಅವರು ಕೇಸು ಹಾಕುವುದು ಸಾಮಾನ್ಯವಾಗಿ ರಾಜ್ಯದ ಕಾನೂನಿನಡಿ.

2000ದ ಕೇಂದ್ರ ಕಾನೂನು ಗಟ್ಟಿಯಾಗಿಯೇ ಇದೆ. 18 ತುಂಬದವರನ್ನು ಲೈಂಗಿಕ ದಂಧೆಗೆ ಬಳಸಿದರೆ, ಬಲವಂತ ಮಾಡಿದ್ದನ್ನು ಸಾಬೀತು ಮಾಡಬೇಕಾಗಿಯೇ ಇಲ್ಲ. ಆದರೆ ಅದೇ ಹುಡುಗಿಯನ್ನು ರಾಜ್ಯದ ಕಾನೂನು ವೇಶ್ಯಾವಾಟಿಕೆಯ ಆರೋಪಿ ಎಂದು ನೋಡಿದರೆ, ಬೇಡಿ ಬೀಳುವುದು ಅವಳ ಕೈಗೇ.

ದಂಧೆ ನಡೆಸುವವನಿಗೆ ಬೇಕಾಗಿರುವುದೂ ಇದೇ. ‘ಪೊಲೀಸರ ಹತ್ರ ಹೋದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ’ ಎಂದು ಹೆದರಿಸುತ್ತಾನೆ. ಕಾನೂನು ಹಾಗೇ ಇದ್ದರೆ ಅವನು ಹೇಳಿದ್ದು ನಿಜವೇ ಅಲ್ವಾ? ಆಮೇಲೆ ಅವನ ವಿರುದ್ಧ ಸಾಕ್ಷಿ ಹೇಳಲು ಯಾರು ಮುಂದೆ ಬರುತ್ತಾರೆ? ಅದಕ್ಕೇ ಸುಮ್ನೆ ಶಿಕ್ಷೆಯ ವರ್ಷ ಜಾಸ್ತಿ ಮಾಡಿದರೆ ಸಾಲದು ಎನ್ನುತ್ತೇನೆ.

ನ್ಯೂಯಾರ್ಕ್ 2008ರಲ್ಲಿ ಇಂಥ ಮಕ್ಕಳನ್ನು ಅಪರಾಧಿಗಳೆಂದು ನೋಡದೆ, ಆಸರೆ ಮತ್ತು ಆರೈಕೆ ಕೊಡುವ ಕಾನೂನು ಮಾಡಿತು. 2010ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು: ಕಳ್ಳಸಾಗಣೆಗೆ ಸಿಕ್ಕಿ ವೇಶ್ಯಾವಾಟಿಕೆಯ ಕೇಸಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿದ್ದರೆ, ಅದನ್ನು ರದ್ದು ಮಾಡಿ ಎಂದು ಕೋರ್ಟನ್ನು ಕೇಳಬಹುದು. ಹಲವು ರಾಜ್ಯಗಳು ಇದೇ ದಾರಿ ಹಿಡಿದವು. ಇದು ಬರೀ ಕಾಗದದ ವಿಷಯವಲ್ಲ. ಅಲ್ಲಿ ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಹಳೇ ಕೇಸುಗಳನ್ನು ಹುಡುಕಿ ನೋಡುತ್ತಾರೆ. ಆ ದಾಖಲೆ ಉಳಿದರೆ ಕೆಲಸವೂ ಸಿಗುವುದಿಲ್ಲ, ಮನೆಯೂ ಸಿಗುವುದಿಲ್ಲ. ಅಂಥವರನ್ನೇ ದಂಧೆಯವರು ಮತ್ತೆ ಹುಡುಕಿಕೊಂಡು ಬರುತ್ತಾರೆ.