ತಮ್ಮನ ಗುಟ್ಟು ಹೇಳಿದರೆ ನನ್ನದೂ ಬಯಲಾಗುತ್ತದೆ

ಪ್ರಶ್ನೆ: ನನಗೆ 20 ವರ್ಷ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೊದಲ ವರ್ಷ ಗೆಳೆಯರೊಂದಿಗೆ ಶುರುವಾದ ಸಿಗರೇಟು ಈಗ ದಿನಕ್ಕೆ ಏಳೆಂಟಾಗಿದೆ; ಎದ್ದ ಅರ್ಧ ಗಂಟೆಯೊಳಗೆ ಒಂದು ಬೇಕೇ ಬೇಕು. ಅಂಗಡಿಯಲ್ಲಿ ಒಂದೊಂದೇ ಕೊಂಡು ಸೇದಿ, ಏಲಕ್ಕಿ ಅಗಿದು ಮನೆಗೆ ಬರುತ್ತೇನೆ. ಕಳೆದ ವಾರ ವಿದ್ಯಾನಗರದ ಟೀ ಅಂಗಡಿಯೊಂದರ ಬಳಿ ಪಿಯುಸಿ ಓದುವ ನನ್ನ ತಮ್ಮನೂ ಸೇದುತ್ತಿದ್ದುದನ್ನು ಕಂಡೆ. ಅಪ್ಪನಿಗೆ ಹೇಳಿದರೆ ಅವನು ನನ್ನ ವಿಷಯವನ್ನೂ ಹೇಳುತ್ತಾನೆ. ಸುಮ್ಮನಿರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಪತ್ರ ಬರೆದಿರುವುದು ತಮ್ಮನಿಗಾಗಿ, ಆದರೆ ನನ್ನ ಕಣ್ಣು ನಿಂತದ್ದು 'ಎದ್ದ ಅರ್ಧ ಗಂಟೆಯೊಳಗೆ' ಎಂಬ ಮಾತಿನ ಮೇಲೆ. ಚಟ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ವೈದ್ಯರು ಮುಖ್ಯವಾಗಿ ಕೇಳುವುದೇ ಬೆಳಗಿನ ಮೊದಲ ಸಿಗರೇಟಿನ ಹೊತ್ತನ್ನು. ರಾತ್ರಿಯ ನಿದ್ದೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಇಳಿದಿರುವುದರಿಂದ, ಅವಲಂಬನೆ ಬೆಳೆದವರ ಮಿದುಳು ಎಚ್ಚರವಾದೊಡನೆ ಅದನ್ನೇ ಬೇಡುತ್ತದೆ. ತಮ್ಮ ಇನ್ನೂ ಅಲ್ಲಿಗೆ ಬಂದಿರಲಿಕ್ಕಿಲ್ಲ. ಆದರೆ ಮಿದುಳಿನ ಬೆಳವಣಿಗೆ 25ರ ಆಸುಪಾಸಿನವರೆಗೂ ನಡೆಯುವುದರಿಂದ ಹರೆಯದಲ್ಲಿ ಈ ಚಟ ಬೇಗ ಬೇರೂರುತ್ತದೆ.

ಅಪ್ಪನಿಗೆ ಈಗಲೇ ಹೇಳಬೇಡಿ. ನಿಮ್ಮದನ್ನು ಮುಚ್ಚಿಟ್ಟು ಅವನದನ್ನು ಬಯಲು ಮಾಡಿದರೆ ಅದು ಅವನ ಕಿವಿಗೆ ಚಾಡಿಯಾಗಿ ಕೇಳಿಸುತ್ತದೆಯೇ ಹೊರತು ಅಣ್ಣನ ಕಾಳಜಿಯಾಗಿ ಅಲ್ಲ. ಒಂದು ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಅವನನ್ನು ನಡೆಯಲು ಕರೆದೊಯ್ದು, ಮೊದಲು ನಿಮ್ಮ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ಕ್ಯಾನ್ಸರಿನ ಉಪದೇಶ ಬೇಡ. ಹದಿನೇಳರ ಹುಡುಗನಿಗೆ ಅರವತ್ತರ ಕಾಯಿಲೆ ಯಾರದೋ ಮನೆಯ ಕಥೆ. ಆ ಏಲಕ್ಕಿಯ ಕಥೆ ಹೇಳಿ, ಹಾಸಿಗೆ ಬಿಡುವ ಮೊದಲೇ ಸಿಗರೇಟಿನ ನೆನಪಾಗುವುದನ್ನು ಹೇಳಿ, 'ನಾನು ಬಿಡುತ್ತಿದ್ದೇನೆ, ನೀನೂ ನನ್ನ ಜೊತೆಗಿರು' ಎಂದು ಕೇಳಿ. ಕೇಳಿದ ಮೇಲೆ ಬಿಡಲೇಬೇಕಾಗುತ್ತದೆ, ಅದು ಬೇರೆ ಮಾತು.

ಒಂದೊಂದೇ ಕೊಳ್ಳುವ ಅಭ್ಯಾಸದಿಂದ ನಿಮಗಾಗಿರುವ ನಷ್ಟವೊಂದಿದೆ: ಪ್ಯಾಕಿನ ಶೇ 85ರಷ್ಟು ಭಾಗವನ್ನು ತುಂಬುವ ಎಚ್ಚರಿಕೆಯಾಗಲಿ, ಅದರಲ್ಲೇ ಅಚ್ಚಾಗಿರುವ 1800-11-2356 ಎಂಬ ಉಚಿತ ಸಹಾಯವಾಣಿಯಾಗಲಿ ನಿಮ್ಮ ಕೈಗೆ ಬರುವುದೇ ಇಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ ಬಿಡಿಯಾಗಿ ಮಾರುವುದೂ, 21 ತುಂಬದವರಿಗೆ ಮಾರುವುದೂ ಅಪರಾಧ. ಆದರೆ ಅಂಗಡಿಯ ಕಂಬಕ್ಕೆ ದಾರ ಕಟ್ಟಿ ನೇತುಹಾಕಿರುವ ಲೈಟರ್ ಯಾರ ವಯಸ್ಸನ್ನೂ ವಿಚಾರಿಸುವುದಿಲ್ಲ. ಆ ಸಂಖ್ಯೆಗೆ ಕರೆ ಮಾಡಿ, ಸಲಹೆಗಾರರೊಡನೆ ಮಾತನಾಡಿ ಬಿಡುವ ದಿನವನ್ನು ಗೊತ್ತು ಮಾಡಿಕೊಳ್ಳಿ. ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಹೆಚ್ಚು. ಪರೀಕ್ಷೆಯ ವಾರವನ್ನು ಆರಿಸಿಕೊಳ್ಳಬೇಡಿ. ಸೇದಬೇಕೆಂಬ ತುಡಿತ ಬಂದಾಗ ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಜಾಗ ಬದಲಿಸಿದರೆ ಸಾಕು. ಟೀ ಬಿಡಬೇಕಿಲ್ಲ, ಆ ಅಂಗಡಿಯ ಟೀಯನ್ನು ಬಿಡಬೇಕು. ತೀರಾ ಕಷ್ಟವಾದರೆ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು.

ಒಂದೆರಡು ತಿಂಗಳು ಕಳೆದರೂ ತಮ್ಮ ನಿಲ್ಲಿಸದಿದ್ದರೆ ಅಪ್ಪನ ಮುಂದೆ ಕೂರಿ, ಆದರೆ ಅಲ್ಲಿಯೂ ಮೊದಲು ನಿಮ್ಮ ವಿಷಯ, ಆಮೇಲೆ ಅವನದು. ಹಾಗೆ ಹೇಳುವವರಿದ್ದೀರಿ ಎಂಬುದನ್ನು ಕೆರೆಯ ಏರಿಯ ಮೇಲೆಯೇ ಅವನಿಗೆ ತಿಳಿಸಿಬಿಡಿ.